ಕೋಗಿಲೆ ಎಂದು ಕರೆದು ಕೈ ತೊಳೆದುಕೊಂಡೆವು

2025ರ ಫೆಬ್ರವರಿ 13ರಂದು ಸುಕ್ರಿ ಬೊಮ್ಮಗೌಡ ತೀರಿಕೊಂಡರು. ಅಂಕೋಲಾ ತಾಲ್ಲೂಕಿನ ಬಡಗೇರಿಯ ಈ ಅಜ್ಜಿಗೆ ಆಗ 88 ವರ್ಷ. ಮರುದಿನದ ಪತ್ರಿಕೆಗಳಲ್ಲಿ ಅವರ ಚಿತ್ರ ದೊಡ್ಡದಾಗಿಯೇ ಬಂತು. ಕೊರಳ ತುಂಬ ಕರಿಮಣಿ ಸರ, ಹಾಲಕ್ಕಿ ಹೆಂಗಸರು ಉಡುವ ರೀತಿಯಲ್ಲಿ ಹೆಗಲಿಗೆ ಕಟ್ಟಿದ ಸೀರೆ, ಸುಕ್ಕುಗಟ್ಟಿದ ಮುಖದಲ್ಲಿ ನಗು. ಚಿತ್ರದ ಪಕ್ಕದಲ್ಲಿ ನಾವೆಲ್ಲ ಊಹಿಸಬಹುದಾದ ಅದೇ ಮಾತು: ಜಾನಪದ ಕೋಗಿಲೆ ಹಾರಿಹೋಯಿತು, ಹಾಡುಹಕ್ಕಿ ಮೌನವಾಯಿತು. ಮಂತ್ರಿಗಳು ಸಂತಾಪ ಸೂಚಿಸಿದರು, ಸಾಹಿತಿಗಳು ತುಂಬಲಾರದ ನಷ್ಟ ಎಂದರು. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು.

ನಮಗೆ ಈ ಕೋಗಿಲೆಯ ಮೇಲೆಯೇ ಸಿಟ್ಟು. ಕೋಗಿಲೆ ಯೋಚಿಸಿ ಹಾಡುವುದಿಲ್ಲ. ವಸಂತ ಬಂತು, ಕೂಗಿತು, ಅಷ್ಟೆ. ಅದಕ್ಕೆ ಕೂಲಿ ಕೊಡಬೇಕಾಗಿಲ್ಲ, ಮನೆ ಕಟ್ಟಿಕೊಡಬೇಕಾಗಿಲ್ಲ, ಅದರ ಮಾತಿಗೆ ಉತ್ತರ ಹೇಳಬೇಕಾಗಿಲ್ಲ. ಒಬ್ಬ ಕವಿಯನ್ನು ಚಿಂತಕ ಎನ್ನುತ್ತೇವೆ, ಒಬ್ಬ ಕಾದಂಬರಿಕಾರನನ್ನು ಸಮಾಜದ ಸಾಕ್ಷಿಪ್ರಜ್ಞೆ ಎನ್ನುತ್ತೇವೆ. ಅಕ್ಷರ ಬಾರದ ಬಡ ಹೆಂಗಸು ಸಾವಿರಾರು ಹಾಡು ಕಟ್ಟಿ, ನೆನಪಿಟ್ಟು, ಬೇಕಾದಲ್ಲಿ ತಿರುಗಿಸಿ ಹಾಡಿದರೆ ಆಕೆ ಪಕ್ಷಿಯಾಗಿಬಿಡುತ್ತಾಳೆ. ಇನ್ನೂ ಒಂದು ಮಾತು. ಕೋಗಿಲೆ ತನ್ನ ಮರಿಯನ್ನು ಕಾಗೆಯ ಗೂಡಿನಲ್ಲಿ ಬಿಟ್ಟು ಹೋಗುವ ಜಾತಿ. ಸುಕ್ರಜ್ಜಿ ಬೇರೊಬ್ಬರು ಹೆತ್ತ ಮಗುವನ್ನು ತಮ್ಮ ಗೂಡಿಗೆ ತಂದು ಸಾಕಿದವರು. ಆ ಮಗುವಿಗೆ ಏನಾಯಿತು ಎಂಬುದೇ ನಾವು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ.

ಅವರ ಬದುಕಿನ ಕತೆ ಉದ್ದವಿಲ್ಲ. ಹಾಲಕ್ಕಿ ಒಕ್ಕಲಿಗರ ಮನೆಯಲ್ಲಿ ಹುಟ್ಟಿ, ತಾಯಿಯ ಬಾಯಿಂದ ಹಾಡು ಕಲಿತರು. ಇನ್ನೂ ಹುಡುಗಿಯಾಗಿದ್ದಾಗಲೇ ಬೊಮ್ಮಗೌಡರ ಮನೆ ಸೇರಿದರು. ಹೆತ್ತ ಎರಡು ಮಕ್ಕಳೂ ಉಳಿಯಲಿಲ್ಲ. ಒಬ್ಬ ಹುಡುಗನನ್ನು ಸಾಕಿಕೊಂಡರು. ಅವನು ಬೆಳೆದು ದೊಡ್ಡವನಾಗಿ ಕುಡಿತಕ್ಕೆ ಬಿದ್ದ, ಕುಡಿತದಿಂದಲೇ ಸತ್ತ. ಅನಂತರ ಈ ಹೆಂಗಸು ಮೂಲೆ ಹಿಡಿಯಲಿಲ್ಲ. ತಮ್ಮ ಊರಿನಲ್ಲಿ ಸಾರಾಯಿ ಮಾರಬಾರದು, ಕುಡಿಯಬಾರದು ಎಂದು ಹೆಂಗಸರನ್ನು ಕೂಡಿಸಿಕೊಂಡು ಹೋರಾಟಕ್ಕೆ ಇಳಿದರು. ಮದುವೆಯಲ್ಲಿ, ಗದ್ದೆಯ ನೆಟ್ಟಿಯಲ್ಲಿ ಏಳುತ್ತಿದ್ದ ಅದೇ ದನಿ ಸಾರಾಯಿಯ ವಿರುದ್ಧ ಎದ್ದಿತು.

ಇದನ್ನು ನಾವು ಒಂದು ಸಾಲಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಪ್ರಶಸ್ತಿಗಳ ಪಟ್ಟಿಗೆ ಹೋಗುತ್ತೇವೆ. ಜಾನಪದಶ್ರೀ ಬಂತು, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಬಂತು, 2017ರಲ್ಲಿ ಪದ್ಮಶ್ರೀ ಬಂತು. ಹಾಡಿದ್ದಕ್ಕೆ ಶಾಲು ಹೊದಿಸಿದೆವು. ಹಾಡಿನಲ್ಲಿ ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಲೆಕ್ಕ ನೋಡಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹಳ್ಳಿಯ ಹೆಂಗಸರು ಒಂದು ತಿಂಗಳು ಉಸಿರು ಬಿಟ್ಟಿರಬಹುದು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಕ್ವಾರ್ಟರ್ ಬಂತು, ಟೆಟ್ರಾ ಪ್ಯಾಕ್ ಬಂತು. ಹೆಸರು ಬದಲಾಯಿತು, ಕುಡಿಯುವವನ ಕಿಸೆ ಇನ್ನಷ್ಟು ಬೇಗ ಖಾಲಿಯಾಗತೊಡಗಿತು. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವನ್ನು ನಡೆಸುತ್ತಿರುವುದು ಸರಕಾರದ್ದೇ ಪಾನೀಯ ನಿಗಮ. ಸುಕ್ರಜ್ಜಿ ತೀರಿಕೊಂಡ ಇಪ್ಪತ್ತೆರಡನೇ ದಿನ, 2025ರ ಮಾರ್ಚ್ 7ರಂದು, ವಿಧಾನಸೌಧದಲ್ಲಿ ಬಜೆಟ್ ಮಂಡನೆಯಾಯಿತು. 2025-26ರ ಸಾಲಿಗೆ ಅಬಕಾರಿಯಿಂದ ನಿರೀಕ್ಷಿಸಿದ ಮೊತ್ತ 40,000 ಕೋಟಿ ರೂಪಾಯಿ. ಇದು ಒಂದು ಪಕ್ಷದ ತಪ್ಪಲ್ಲ. ಯಾವ ಪಕ್ಷ ಬಂದರೂ ಈ ಅಂಕಿ ಮೇಲೆ ಹೋಗಿದೆಯೇ ಹೊರತು ಕೆಳಗೆ ಇಳಿದಿಲ್ಲ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸುಕ್ರಜ್ಜಿಯ ವಿಷಯದಲ್ಲಿ ಸರಕಾರ ಮಾಡಿದ್ದು ಅದನ್ನೇ. ತಾಯಿಗೆ ಪದಕ, ಮಗನಿಗೆ ಬಾಟಲಿ.

ಪಾನನಿಷೇಧ ಎಲ್ಲಿ ಯಶಸ್ವಿಯಾಗಿದೆ ಎಂದು ಬುದ್ಧಿವಂತರು ಕೇಳುತ್ತಾರೆ. ಆಂಧ್ರದ ಉದಾಹರಣೆ ಕೊಡುತ್ತಾರೆ. ಕೊಡಲಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾಕ್ಷರತಾ ತರಗತಿಯ ಪಾಠದಿಂದ ಎದ್ದು ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಚ್ಚು ಊರಿಂದೂರಿಗೆ ಹಬ್ಬಿತು. 1993ರಲ್ಲಿ ಸಾರಾಯಿ ನಿಷೇಧವಾಯಿತು, 1995ರಲ್ಲಿ ಪೂರ್ಣ ಪಾನನಿಷೇಧವಾಯಿತು, 1997ರಲ್ಲಿ ಬೊಕ್ಕಸ ಬರಿದಾಯಿತೆಂದು ಅದನ್ನು ಸಡಿಲಿಸಲಾಯಿತು. ಈ ಕತೆಯಲ್ಲಿ ಸೋತವರು ಯಾರು? ಹೆಂಗಸರೇ? ಅವರು ಗೆದ್ದದ್ದನ್ನು ಸರಕಾರ ಮಾರಿಕೊಂಡಿತು. ಬಡಗೇರಿಯ ಹೆಂಗಸರು ಕೇಳಿದ್ದು ದಿಲ್ಲಿಯ ಕಾನೂನನ್ನಲ್ಲ. ನಮ್ಮ ಊರಲ್ಲಿ ಬೇಡ ಎಂದರು. ಒಂದು ಊರಿನ ಹೆಂಗಸರು ಬೇಡವೆಂದರೆ ಆ ಊರಿನಲ್ಲಿ ಮದ್ಯ ಮಾರಕೂಡದು ಎಂಬಷ್ಟು ಸಣ್ಣ ಮರ್ಯಾದೆಯನ್ನೂ ಪದ್ಮಶ್ರೀ ಕೊಟ್ಟ ವ್ಯವಸ್ಥೆ ಕೊಡಲಿಲ್ಲ. ಸಂವಿಧಾನದ 47ನೇ ವಿಧಿ ಮದ್ಯದ ಬಗ್ಗೆ ಏನು ಹೇಳುತ್ತದೆಂದು ಪ್ರಶಸ್ತಿ ಸಮಿತಿಯ ಸದಸ್ಯರಿಗೆ ಗೊತ್ತಿಲ್ಲದೆ ಇಲ್ಲ.

ಇಲ್ಲಿ ನಮ್ಮ ಸಮುದಾಯದವರಿಗೂ ಒಂದು ಮಾತು. ಕುಡಿತ ನಮ್ಮಲ್ಲಿ ಹರಾಮ್, ಆದ್ದರಿಂದ ಇದು ಅವರ ಸಮಸ್ಯೆ ಎಂದು ನಾವು ಜುಮ್ಮಾ ಮುಗಿಸಿ ನೆಮ್ಮದಿಯಿಂದ ಮನೆಗೆ ಬರುತ್ತೇವೆ. ನಮ್ಮ ಓಣಿಗಳಲ್ಲಿ ಸಂಜೆಯ ಮೇಲೆ ಏನು ನಡೆಯುತ್ತದೆಂದು ನಮ್ಮ ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. ಹರಾಮ್ ಎಂದು ಹೇಳುವುದು ಸುಲಭ. ಮಗನನ್ನು ಕಳೆದುಕೊಂಡ ಮೇಲೆ ಬೇರೆಯವರ ಮಗನಿಗಾಗಿ ಬೀದಿಗೆ ಇಳಿಯುವುದು ಸುಲಭವಲ್ಲ. ಆ ಕೆಲಸವನ್ನು ಒಬ್ಬ ಹಾಲಕ್ಕಿ ಅಜ್ಜಿ ಮಾಡಿದರು. ನಮ್ಮ ಯಾವ ಜಮಾತು ಹೋಗಿ ಅವರ ಪಕ್ಕ ನಿಂತಿತು?

ನಾವು ಘಟ್ಟದ ಮೇಲಿನವರು. ಶಿರಸಿಯಿಂದ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅರಬೈಲ್ ಘಟ್ಟ, ಸಿದ್ದಾಪುರದಿಂದ ಮಾವಿನಗುಂಡಿ ದಾಟಿ ಹೊನ್ನಾವರದ ದಾರಿ. ಯಾವುದರಲ್ಲಿ ಇಳಿದರೂ ಕರಾವಳಿ. ಸುಕ್ರಜ್ಜಿಯ ಊರು ನಮಗೆ ಕೆಲವೇ ತಾಸಿನ ಬಸ್ ಪ್ರಯಾಣ. ಆದರೆ ಅವರ ದನಿ ನಮಗೆ ಮೊದಲು ಕೇಳಿದ್ದು ಕಾರವಾರ ಆಕಾಶವಾಣಿಯಲ್ಲಿ. ಅವತ್ತು ನಮ್ಮ ಅಮ್ಮಿ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಹಾಲಕ್ಕಿಗಳ ಕನ್ನಡ ಅವರಿಗೆ ಅರ್ಧವೂ ತಿಳಿಯದು. ಸ್ವಲ್ಪ ಹೊತ್ತು ಕೇಳಿ, “ಅರೇ, ಯೇ ತೋ ಅಪನೇ ಚಕ್ಕಿ ಕಾ ಗಾನಾ” ಎಂದರು. ಇದು ನಮ್ಮ ಬೀಸುಕಲ್ಲಿನ ಹಾಡಲ್ಲವೆ ಎಂದು.

ಅಮ್ಮಿ ಹೇಳಿದ್ದು ತಪ್ಪಲ್ಲ. ವಿಜಾಪುರದ ಸೂಫಿಗಳು ಹದಿನೇಳನೇ ಶತಮಾನದಲ್ಲಿ ದಖನಿ ಉರ್ದುವಿನಲ್ಲಿ ಚಕ್ಕಿನಾಮಾ, ಚರಖಾನಾಮಾಗಳನ್ನು ಕಟ್ಟಿದ್ದು ಬೀಸುವ, ನೂಲುವ ಹೆಂಗಸರ ಬಾಯಿಗಾಗಿಯೇ. ದೊಡ್ಡ ಮಾತನ್ನು ಜನರಿಗೆ ಮುಟ್ಟಿಸಬೇಕಾದರೆ ಅಡುಗೆಮನೆಯ ದಾರಿಯೇ ಹತ್ತಿರ ಎಂದು ಅವರಿಗೆ ಗೊತ್ತಿತ್ತು. ನಮ್ಮ ನಾನಿಯ ಕಾಲದಲ್ಲಿ ಮೆಹಂದಿಯ ರಾತ್ರಿ ಹಾಡಿಲ್ಲದೆ ಕಳೆಯುತ್ತಿರಲಿಲ್ಲ. ಬೀಗಿತ್ತಿಯನ್ನು ಹಂಗಿಸುವ ಹಾಡು, ಮಗಳನ್ನು ಕಳುಹಿಸುವ ಹಾಡು, ಗಂಡನ ಮನೆಯ ಕಷ್ಟವನ್ನು ನಗುತ್ತ ಹೇಳುವ ಹಾಡು. ಆಮೇಲೆ ಯಾರೋ ಬಂದು ಹೆಂಗಸರು ಹಾಡುವುದು ಸಭ್ಯತೆಯಲ್ಲ ಎಂದರು. ನಾನಿ ಬಾಯಿ ಮುಚ್ಚಿದರು. ಅದೇ ಮನೆಯ ಮೊಮ್ಮಗನ ಮದುವೆಗೆ ಈಗ ಡಿಜೆ ಬರುತ್ತದೆ. ಅದನ್ನು ನಿಲ್ಲಿಸಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಹೆಂಗಸಿನ ಬಾಯಿ ಮುಚ್ಚಿಸುವುದಕ್ಕೆ ಧೈರ್ಯ ಬೇಕಾಗಿಯೂ ಇರಲಿಲ್ಲ.

ಆದ್ದರಿಂದ ಹಾಡು ಸತ್ತದ್ದು ಕಾಲದ ಮಹಿಮೆ, ಟಿ.ವಿ. ಬಂತು, ಮೊಬೈಲ್ ಬಂತು ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಶಿರಸಿ, ಸಿದ್ದಾಪುರಗಳಲ್ಲಿ ಅಡಿಕೆ ಕೊಯ್ಲಿನ ದಿನಗಳನ್ನು ನೆನೆದುಕೊಳ್ಳಿ. ರಾತ್ರಿ ಊಟ ಮುಗಿಸಿ ಹೆಂಗಸರು ಅಂಗಳದಲ್ಲಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯಲು ಕೂರುತ್ತಿದ್ದರು. ಹಾಡು ಅಲ್ಲಿತ್ತು. ನಿದ್ದೆ ಬಾರದಿರಲೆಂದು, ಕೈ ತಪ್ಪದಿರಲೆಂದು, ಒಡೆಯರ ಮೇಲಿನ ಸಿಟ್ಟನ್ನು ಒಡೆಯರ ಅಂಗಳದಲ್ಲಿಯೇ ಕುಳಿತು ಯಾರಿಗೂ ತಿಳಿಯದಂತೆ ಹೇಳಲೆಂದು. ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರ ಬಂದದ್ದು ತಪ್ಪಲ್ಲ, ಕೈ ಕೊಯ್ದುಕೊಂಡು ರಾತ್ರಿಯಿಡೀ ಸುಲಿಯುವುದು ಸುಖದ ಕೆಲಸವೂ ಅಲ್ಲ. ಆದರೆ ಕೆಲಸ ಹೋದಾಗ ಕೂಲಿ ಹೋಯಿತು, ಕೂಲಿಯ ಜೊತೆಗೆ ಹಾಡಿನ ಜಾಗವೂ ಹೋಯಿತು. ಹಾಡಿಗೆ ಬೇರೆ ಜಾಗ ಮಾಡಿಕೊಡುವ ಹೊಣೆ ಯಾರದ್ದು? ವೇದಿಕೆ ಕೊಟ್ಟಿದ್ದೇವಲ್ಲ ಎನ್ನುತ್ತಾರೆ.

ಆ ವೇದಿಕೆ ಹೇಗಿರುತ್ತದೆ? ಬನವಾಸಿಯ ಕದಂಬೋತ್ಸವ ನಮ್ಮ ತಾಲ್ಲೂಕಿನದೇ ಹಬ್ಬ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ನಮ್ಮ ಊರಿನದೇ ಸಂಭ್ರಮ. ಇಂಥ ಕಡೆಗಳಲ್ಲೆಲ್ಲ ಜನಪದರಿಗೆ ಮೀಸಲಾದ ಜಾಗ ಮೆರವಣಿಗೆ. ಬಿಸಿಲಲ್ಲಿ ಕುಣಿದುಕೊಂಡು ಬರುವುದು ಅವರ ಪಾಲು. ರಾತ್ರಿ ದೀಪದ ಬೆಳಕಿನಲ್ಲಿ ಹಾಡುವುದು ಬೆಂಗಳೂರಿನಿಂದ, ಮುಂಬಯಿಯಿಂದ ಬಂದವರ ಪಾಲು. ಸಂಭಾವನೆಯ ಲಕೋಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಸಂಸ್ಕೃತಿ ಯಾರಿಗೆ ಎಷ್ಟಕ್ಕೆ ಬಾಳುತ್ತದೆ ಎಂಬುದು ಭಾಷಣವಿಲ್ಲದೆ ತಿಳಿಯುತ್ತದೆ.

ಯಲ್ಲಾಪುರದ ಸಿದ್ದಿಗಳನ್ನು ನೋಡಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹರಡಿಕೊಂಡು, ಡಮಾಮಿಯ ಬಡಿತಕ್ಕೆ ಮಾತ್ರ ಒಂದೇ ಆಗಿ ಕುಣಿಯುವ ಜನ ಇವರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು. ಕನ್ನಡ ನೆಲದಲ್ಲಿ ಶತಮಾನಗಳನ್ನು ಕಳೆದ ಮೇಲೂ ಬಸ್ಸಿನಲ್ಲಿ ಯಾವ ದೇಶದವರು ಎಂದು ಕೇಳಿಸಿಕೊಳ್ಳುವವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಲು 2003ರ ತನಕ ಕಾಯಬೇಕಾಯಿತು. ಅವರಲ್ಲೊಬ್ಬರು, ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಮರುವರ್ಷ ‘ಸಲಗ’ ಎಂಬ ಸಿನಿಮಾಕ್ಕೆ ಸಿದ್ದಿಗಳ ಹಾಡು, ಕುಣಿತ ಬಂತು. ರಾಜ್ಯವೆಲ್ಲ ಆ ತಾಳಕ್ಕೆ ಕುಣಿಯಿತು, ಮದುವೆ ಮನೆಗಳಲ್ಲಿ, ಗಣೇಶನ ಮೆರವಣಿಗೆಗಳಲ್ಲಿ. ಕುಣಿದವರಲ್ಲಿ ಹಾಡಿದವರ ಹೆಸರು ಹೇಳಬಲ್ಲವರು ಎಷ್ಟು ಮಂದಿ? ನಾಯಕನಟನ ಹೆಸರನ್ನು ಮಗು ಕೂಡ ಹೇಳುತ್ತದೆ.

ಹೆಸರಿನ ಪ್ರಶ್ನೆ ಚಿಲ್ಲರೆಯದಲ್ಲ. ಜನಪದ ಎಂದರೆ ಕರ್ತೃ ಗೊತ್ತಿಲ್ಲದ್ದು ಎಂದು ಶಾಲೆಯಲ್ಲಿ ಕಲಿತು ಬಂದವರು ನಾವು. ಇದರಷ್ಟು ಅನುಕೂಲದ ಸುಳ್ಳು ಇನ್ನೊಂದಿಲ್ಲ. ನಮ್ಮ ಪಕ್ಕದ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರೂ (1819–1889) ಹಳ್ಳಿಯ ಹಾಡುಗಾರರೇ. ಅವರ ಹಾಡುಗಳೂ ಭಜನೆಯವರ ಬಾಯಿಂದ ಬಾಯಿಗೆ ಹರಿದು ಬಂದವೇ. ಅವರ ಹೆಸರು ಉಳಿಯಿತು. ಹೇಗೆ? ಹಾಡಿನ ಕೊನೆಯಲ್ಲಿ ಅಂಕಿತವಿತ್ತು. ಅಂಕಿತ ಎಂದರೆ ಬಡವನ ಮೊಹರು. ತತ್ವಪದದವರು ಮೊಹರು ಹಾಕಿದರು, ಆದ್ದರಿಂದ ಅಚ್ಚಿನ ಕಾಲ ಬಂದಾಗ ಪುಸ್ತಕದ ಮುಖಪುಟಕ್ಕೆ ಶರೀಫರ ಹೆಸರು ಬಂತು, 1990ರಲ್ಲಿ ನಾಗಾಭರಣರ ಸಿನಿಮಾ ಬಂತು, ಅಶ್ವತ್ಥ್ ಅವರ ದನಿಯಲ್ಲಿ ಮನೆ ಮನೆಗೆ ಕ್ಯಾಸೆಟ್ ಬಂತು. ಗದ್ದೆಯ ಕೆಸರಿನಲ್ಲಿ ಸಸಿ ನೆಡುತ್ತ ಹಾಡು ಕಟ್ಟಿದ ಹೆಂಗಸಿಗೆ ಅಂಕಿತ ಹಾಕುವ ರೂಢಿಯೇ ಇರಲಿಲ್ಲ. ಆಕೆಯ ಹಾಡು ಅನಾಮಿಕವಾಯಿತು. ಅನಾಮಿಕವಾದ್ದರಿಂದ ಎಲ್ಲರದ್ದಾಯಿತು. ಎಲ್ಲರದ್ದಾದ್ದರಿಂದ ಮೈಕ್ ಇದ್ದವನದ್ದಾಯಿತು.

ಸುಕ್ರಜ್ಜಿಗೆ ಐದು ಸಾವಿರ ಹಾಡು ಬರುತ್ತಿತ್ತು ಎಂದು ಎಲ್ಲರೂ ಬರೆದರು. ಐದು ಸಾವಿರ ಎಂದು ಅಚ್ಚರಿಪಟ್ಟವರು ಐದು ಹಾಡಿನ ಅರ್ಥ ಕೇಳಿಕೊಂಡು ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಇಷ್ಟು ಹಾಡು ನೆನಪಿಟ್ಟುಕೊಂಡವರು ಟೇಪ್ ರೆಕಾರ್ಡರ್ ಅಲ್ಲ. ಯಾವ ಮನೆಯ ಮದುವೆಗೆ ಯಾವುದನ್ನು ಎತ್ತಬೇಕು, ಯಾವ ಸಾಲನ್ನು ಬಿಡಬೇಕು, ಎಲ್ಲಿ ಹೊಸ ಸಾಲು ಸೇರಿಸಬೇಕು ಎಂಬ ವಿವೇಚನೆ ಇಲ್ಲದೆ ಒಂದು ಹಾಡೂ ಬದುಕುವುದಿಲ್ಲ. ಹಾಲಕ್ಕಿಗಳ ಸುಗ್ಗಿ, ತಾರ್ಲೆ, ಗುಮಟೆಯ ಹಾಡುಗಳಲ್ಲಿ ಒಂದೊಂದಕ್ಕೂ ಹೊತ್ತು ಬೇರೆ, ನಡೆ ಬೇರೆ. ಅದನ್ನು ತಿಳಿದು ಹಾಡುವವರನ್ನು ನಾವು ಕವಿ ಎಂದು ಕರೆಯಬೇಕು. ಕೋಗಿಲೆ ಎನ್ನುವುದು ಸಾಕು.

ಹಾಗೆಂದು ಯಾರೂ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾಗುತ್ತದೆ. ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಈ ಜಿಲ್ಲೆಯ ಹಾಡುಗಳನ್ನು ಊರೂರು ಅಲೆದು ಬರೆದುಕೊಂಡವರು. ಅವರಿಲ್ಲದಿದ್ದರೆ ಇವತ್ತು ಕಾಗದದ ಮೇಲೆ ಇರುವಷ್ಟೂ ಇರುತ್ತಿರಲಿಲ್ಲ. ಆಕಾಶವಾಣಿ, ಜಾನಪದ ಅಕಾಡೆಮಿಗಳು ಸುಕ್ರಜ್ಜಿಯ ದನಿಯನ್ನು ಮುದ್ರಿಸಿಕೊಂಡವು. ನಮ್ಮ ತಕರಾರು ಅದರ ಮುಂದಿನದು. ಶಿಗ್ಗಾಂವಿಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಶರೀಫರ ತಾಲ್ಲೂಕಿನಲ್ಲಿಯೇ ಅದು ಇರುವುದು ನಮಗೆ ಹೆಮ್ಮೆ. ಆದರೆ ಹಾಡಿನ ಮೇಲೆ ಡಾಕ್ಟರೇಟ್ ಮಾಡಿದವನಿಗೆ ಸಂಬಳವಿದೆ, ಹಾಡಿದವಳಿಗೆ ಅರ್ಜಿ ಹಾಕಿ ಕಾದರೆ ಮಾಸಾಶನವಿದೆ. ಕಲಾವಿದರ ಮಾಸಾಶನದ ಅರ್ಜಿಯ ಜೊತೆ ಏನೇನು ದಾಖಲೆ ಲಗತ್ತಿಸಬೇಕು ಎಂದು ಒಮ್ಮೆ ನೋಡಿ. ಪ್ರಮಾಣಪತ್ರ, ಆಮಂತ್ರಣ ಪತ್ರಿಕೆ, ಪತ್ರಿಕಾ ವರದಿ, ಫೋಟೋ. ಅಡಿಕೆ ಅಂಗಳದಲ್ಲಿ ಹಾಡಿದ್ದಕ್ಕೆ ಆಮಂತ್ರಣ ಪತ್ರಿಕೆ ಯಾರು ಅಚ್ಚು ಹಾಕಿಸಿದ್ದರು?

ಕಾನೂನು ಕೂಡ ನಾವು ತಿಳಿದುಕೊಂಡಷ್ಟು ಕುರುಡಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ ಹಾಡುವವರಿಗೆ, ಕುಣಿಯುವವರಿಗೆ ಪ್ರದರ್ಶಕರ ಹಕ್ಕು ಬಂತು. ಹಾಡು ಬರೆದವರು ಯಾರೆಂದು ಗೊತ್ತಿಲ್ಲದಿದ್ದರೂ ಹಾಡಿದ ದನಿಯ ಮೇಲೆ ಹಾಡಿದವರ ಹಕ್ಕು ಇದೆ, ಐವತ್ತು ವರ್ಷಗಳ ಕಾಲ ಇದೆ. 2012ರ ತಿದ್ದುಪಡಿ ಇದಕ್ಕೆ ಇನ್ನೊಂದನ್ನು ಸೇರಿಸಿತು. ಹಾಡಿದವರು ತಮ್ಮ ಹೆಸರು ಹೇಳಬೇಕೆಂದು ಕೇಳಬಹುದು, ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳಬಹುದು. ಅಂದರೆ ಜನಪದ ಹಾಡು ಯಾರದ್ದೂ ಅಲ್ಲ, ಆದ್ದರಿಂದ ಯಾರು ಬೇಕಾದರೂ ಅಜ್ಜಿಯ ಮುಂದೆ ಮೊಬೈಲ್ ಹಿಡಿದು ಹಾಡಿಸಿಕೊಂಡು ಹೋಗಿ ದುಡ್ಡು ಮಾಡಬಹುದು ಎಂಬುದು ಕಾನೂನಲ್ಲ, ನಮ್ಮ ದುರಭ್ಯಾಸ. ಈ ಹಕ್ಕಿನ ಸುದ್ದಿಯನ್ನು ಯಾವ ಅಧಿಕಾರಿ ಯಾವ ಹಾಡಿಗೆ, ಯಾವ ಕೇರಿಗೆ ಹೋಗಿ ಹೇಳಿದ್ದಾನೆ?

ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬುದು ದಶಕಗಳ ಬೇಡಿಕೆ. ಸುಕ್ರಜ್ಜಿಯೂ ಅದಕ್ಕೆ ದನಿಗೂಡಿಸಿದ್ದರು. ಅವರು ಕಣ್ಣು ಮುಚ್ಚುವ ತನಕ ಅದು ಈಡೇರಲಿಲ್ಲ. ಅವರದೇ ಸಮುದಾಯದ, ಅವರದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ, ಕಾಡಿನ ಗಿಡಗಳ ಜಾತಕ ಬಲ್ಲ ಆ ಮಹಾತಾಯಿ, 2024ರ ಡಿಸೆಂಬರ್ 16ರಂದು ಹೋದರು. ಎರಡು ತಿಂಗಳು ತುಂಬುವ ಮೊದಲು ಇವರು ಹೋದರು. ಒಂದೇ ತಾಲ್ಲೂಕಿನ ಇಬ್ಬರು ಅಜ್ಜಿಯರ ಕೊರಳಿಗೆ ಇಡೀ ದೇಶದ ಗೌರವ. ಅವರ ಜನ ಬುಡಕಟ್ಟು ಹೌದೋ ಅಲ್ಲವೋ ಎಂದು ಕಡತ ಮಾತ್ರ ಮೇಜಿನಿಂದ ಮೇಜಿಗೆ. ಗಣರಾಜ್ಯೋತ್ಸವದ ಫೋಟೋಕ್ಕೆ ಬುಡಕಟ್ಟು, ಮೀಸಲಾತಿಯ ಪಟ್ಟಿಗೆ ಅಲ್ಲ. ಕರಿಮಣಿ ಸರ ಕ್ಯಾಮೆರಾಕ್ಕೆ ಚೆಂದ. ಅದೇ ಸರ ತೊಟ್ಟ ಅಜ್ಜಿಯ ಮೊಮ್ಮಗಳು ಶಾಲೆಯಲ್ಲಿ ಹಾಲಕ್ಕಿ ಕನ್ನಡ ಮಾತಾಡಿದರೆ ನಗೆಪಾಟಲು.

ಈ ಜಿಲ್ಲೆಯ ಹೆಂಗಸರಿಗೆ ಬೀದಿಗೆ ಇಳಿಯುವುದು ಹೊಸದಲ್ಲ. 1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲಾ ಮತ್ತು ಸಿದ್ದಾಪುರ ಎಂಬ ಎರಡು ಹೆಸರುಗಳು ಜೊತೆಯಾಗಿಯೇ ಬರುತ್ತವೆ. ಜಪ್ತಿಯಾದ ಜಮೀನನ್ನು ಕೊಂಡವರ ಮನೆಯ ಮುಂದೆ ಸಿದ್ದಾಪುರದ ಹೆಂಗಸರು ಉಪವಾಸ ಕೂತಿದ್ದರು. ಅದನ್ನು ನಾವು ಸ್ವಾತಂತ್ರ್ಯ ಚಳವಳಿ ಎಂದು ಪಾಠ ಮಾಡುತ್ತೇವೆ. ಸುಕ್ರಜ್ಜಿ ಮಾಡಿದ್ದೂ ಅದೇ ಕೆಲಸ. ಆದರೆ ಅವರನ್ನು ಚಳವಳಿಗಾರ್ತಿ ಎನ್ನುವುದಿಲ್ಲ. ಚಳವಳಿಗಾರ್ತಿ ಎಂದರೆ ಬೇಡಿಕೆಗೆ ಉತ್ತರ ಕೊಡಬೇಕಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮದೊಂದು ತಪ್ಪನ್ನು ಹೇಳದೆ ಇದ್ದರೆ ಈ ಲೇಖನಕ್ಕೆ ಬೆಲೆಯಿಲ್ಲ. ಹಲವು ವರ್ಷಗಳ ಹಿಂದಿನ ಮಾತು. ಶಿರಸಿಯಲ್ಲಿ ಒಂದು ಸಂಸ್ಥೆಯವರ ಕಾರ್ಯಕ್ರಮ. ನಾವು ಅಲ್ಲಿ ಅತಿಥಿ. ಸಿದ್ದಾಪುರದ ಕಡೆಯ ಹಳ್ಳಿಯೊಂದರಿಂದ ಐದಾರು ಹೆಂಗಸರನ್ನು ಹಾಡಲು ಕರೆಸಿದ್ದರು. ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದಿದ್ದರಂತೆ. ಉದ್ಘಾಟನೆ, ಪ್ರಾಸ್ತಾವಿಕ, ನಮ್ಮದೂ ಸೇರಿ ನಾಲ್ಕು ಭಾಷಣ, ಊಟ. ಮಧ್ಯಾಹ್ನ ಮೂರೂವರೆಗೆ ಅವರ ಸರದಿ ಬಂತು. ಎರಡೇ ಹಾಡು ಸಾಕು, ಹಾಲ್ ಬಿಟ್ಟುಕೊಡಬೇಕು ಎಂದು ಹುಡುಗನೊಬ್ಬ ಬಂದು ಹೇಳಿ ಹೋದ. ಅವರು ಎರಡು ಹಾಡಿದರು. ಎರಡನೆಯದರಲ್ಲಿ ತವರಿನ ದಾರಿಯ ಬಗ್ಗೆ ಒಂದು ಮಾತು ಬಂತು. ಕತೆಗಾರರಾದ ನಮಗೆ ಮೈ ಜುಮ್ಮೆಂದಿತು. ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಆ ಹಾಡನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡೆವು. ಅವರಲ್ಲಿ ಹಿರಿಯಳು ನಿಧಾನವಾಗಿ, ನಮ್ಮ ಪೆನ್ನು ನಡೆಯುವುದನ್ನೇ ನೋಡುತ್ತ, ಸಾಲು ಸಾಲಾಗಿ ಹೇಳಿದಳು. ಹಳ್ಳಿಯ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನಾವು ಪುಸ್ತಕ ಮುಚ್ಚಿ ಎದ್ದಾಗ ಆಕೆ ಕೇಳಿದಳು: “ಹಾಡು ಬರ್ಕಂಡ್ರಿ. ನನ್ ಹೆಸ್ರು ಬರ್ಕಂಡಿಲ್ಲಲ್ರಾ, ಮಾಸ್ತರ್ರೇ?”

ನಾವು ನಕ್ಕು, ಬರೆದುಕೊಳ್ಳುತ್ತೇವೆ ಅಮ್ಮಾ ಎಂದೆವು. ಅಷ್ಟರಲ್ಲಿ ಯಾರೋ ಕರೆದರು. ಆಕೆ ಬಸ್ಸಿಗೆ ಓಡಿದಳು.

ಆ ಮಾತು ನಮ್ಮ ಒಂದು ಕತೆಯಲ್ಲಿದೆ. ಕತೆ ಅಚ್ಚಾಯಿತು, ಗೌರವಧನ ಬಂತು, ಆ ಸಾಲನ್ನೇ ಎತ್ತಿ ಹೊಗಳಿದ ಓದುಗರ ಕಾಗದಗಳೂ ಬಂದವು. ಕತೆಯ ಮೇಲೆ ನಮ್ಮ ಹೆಸರಿದೆ. ಆಕೆಯ ಹೆಸರು ಇವತ್ತಿಗೂ ನಮ್ಮ ಬಳಿ ಇಲ್ಲ. ಊರಿನ ಹೆಸರನ್ನೂ ನಾವು ಕೇಳಿಕೊಂಡಿರಲಿಲ್ಲ. ಬೆಂಗಳೂರಿನ ಸಿನಿಮಾದವರನ್ನು, ದಿಲ್ಲಿಯ ಪ್ರಶಸ್ತಿ ಸಮಿತಿಯನ್ನು, ವಿಧಾನಸೌಧದ ಬಜೆಟ್ಟನ್ನು ಬಯ್ಯುವ ಹೊತ್ತಿಗೆಲ್ಲ ಆ ಹೆಂಗಸಿನ ಪ್ರಶ್ನೆ ನಮ್ಮ ಬೆನ್ನಿಗೆ ನಿಂತಿರುತ್ತದೆ.

ಆದ್ದರಿಂದ ನಾವು ಕೇಳುವುದು ಸ್ಮಾರಕವನ್ನಲ್ಲ. ಸುಕ್ರಜ್ಜಿಯ ಪ್ರತಿಮೆ ಯಾವುದೋ ಸರ್ಕಲ್ಲಿನಲ್ಲಿ ನಿಂತರೆ ಅದರ ಎದುರಿಗೇ ವೈನ್‌ಶಾಪಿನ ಬೋರ್ಡು ಹೊಳೆಯುವ ಸಾಧ್ಯತೆಯೇ ಹೆಚ್ಚು. ಊರಿನ ಹೆಂಗಸರು ಗ್ರಾಮಸಭ

ೆಯಲ್ಲಿ ಬೇಡವೆಂದ ಕಡೆ ಮದ್ಯದಂಗಡಿಗೆ ಪರವಾನಗಿ ಕೊಡಬೇಡಿ. ಆಕಾಶವಾಣಿ, ಅಕಾಡೆಮಿ, ವಿಶ್ವವಿದ್ಯಾಲಯಗಳ ಕಪಾಟಿನಲ್ಲಿರುವ ಹಾಡುಗಳ ಮೇಲೆ ಹಾಡಿದವರ ಹೆಸರು, ಊರು ಬರೆಯಿರಿ. ಬಳಸಿದವರಿಂದ ಹಣ ಪಡೆದು ಅವರ ಮನೆಗೆ ಮುಟ್ಟಿಸಿ. ಮಾಸಾಶನಕ್ಕೆ ಅರ್ಜಿ ಬರಲೆಂದು ಕಾಯದೆ ಅಧಿಕಾರಿ ಕೇರಿಗೆ ಹೋಗಲಿ. ಉತ್ಸವಗಳಲ್ಲಿ ಜನಪದರನ್ನು ಬಿಸಿಲಿನ ಮೆರವಣಿಗೆಯಿಂದ ರಾತ್ರಿಯ ವೇದಿಕೆಗೆ ಕರೆತನ್ನಿ, ಲಕೋಟೆಯಲ್ಲಿ ಉಳಿದವರಿಗೆ ಇಟ್ಟಷ್ಟೇ ಇಡಿ. ನಮ್ಮ ಮನೆಗಳಲ್ಲಿ ನಾನಿ, ದಾದಿಯರು ಇನ್ನೂ ಇದ್ದರೆ ಅವರ ಬಾಯಿಗೆ ಹಾಕಿದ ಬೀಗವನ್ನು ನಾವೇ ತೆಗೆಯೋಣ.

ಸಿದ್ದಾಪುರದ ಕಡೆಯ ಆ ಹಿರಿಯಳು ಈಗ ಇದ್ದಾಳೋ ಇಲ್ಲವೋ. ಮುಂದಿನ ಅಡಿಕೆ ಕೊಯ್ಲಿನ ಹೊತ್ತಿಗೆ ನಾವು ಆ ಕಡೆಯ ಹಳ್ಳಿಗಳನ್ನು ಸುತ್ತಬೇಕೆಂದಿದ್ದೇವೆ. ಹಾಡು ಕೇಳಲು ಅಲ್ಲ, ಹಾಡು ನಮ್ಮ ಹತ್ತಿರ ಇದೆ. ಹೆಸರು ಬರೆದುಕೊಳ್ಳಲು.